ಹೆಸರಿಲ್ಲದ ಎಳೆಗಳು: ನಾಲ್ಕು ತಾಲೂಕು, 15 ಬೈಟ್ ಮತ್ತು ‘ಸರ್ವರ್ ಬ್ಯುಸಿ’

‘ಸರ್ವರ್ ಬ್ಯುಸಿ ಐತ್ರಿ, ಸ್ವಲ್ಪ ಹೊತ್ತು ಬಿಟ್ಟು ಬರ್ರಿ.’ ಪಹಣಿ ತೆಗೆಸಲು, ಜಾತಿ ಪ್ರಮಾಣಪತ್ರ ಪಡೆಯಲು, ಪಡಿತರಕ್ಕೆ ಹೆಬ್ಬೆಟ್ಟು ಒತ್ತಲು ನಿಂತವರಿಗೆ ಈ ಮಾತು ಹೊಸದೇನಲ್ಲ. ಕಿಟಕಿಯ ಆಚೆ ಕೂತಿರುವ ಆಪರೇಟರ್‌ಗೂ ಅದಕ್ಕಿಂತ ಹೆಚ್ಚು ಗೊತ್ತಿರುವುದಿಲ್ಲ, ಅವರನ್ನು ಬೈದು ಪ್ರಯೋಜನವಿಲ್ಲ. ಆದರೆ ‘ಬ್ಯುಸಿ’ ಅನ್ನೋ ಪದ ಅನೇಕ ಸಲ ಸುಳ್ಳು. ಸರ್ವರ್ ಕೆಲಸದಲ್ಲಿ ಮುಳುಗಿರುವುದಿಲ್ಲ. ಅದರೊಳಗಿನ ಒಂದು ಕೆಲಸ ಇನ್ನೊಂದರ ಬಾಗಿಲಲ್ಲಿ ಕಾಯುತ್ತಾ ನಿಂತಿರುತ್ತದೆ, ಅದರ ಹಿಂದೆ ಉಳಿದವು ಸಾಲುಗಟ್ಟಿರುತ್ತವೆ. ಪ್ರೊಸೆಸರ್ ಮಾತ್ರ ಕೈಕಟ್ಟಿ ಕೂತಿರುತ್ತದೆ.

ಯಾವ ಕೆಲಸ ನಿಂತಿದೆ, ಯಾರಿಗಾಗಿ ಕಾಯುತ್ತಿದೆ? ಇದನ್ನು ಹುಡುಕಲು ಕೂತ ಎಂಜಿನಿಯರ್ ಮೊದಲು ನೋಡುವುದು ಒಂದು ಪಟ್ಟಿಯನ್ನು. ಪ್ರೋಗ್ರಾಮಿನೊಳಗೆ ಆ ಕ್ಷಣಕ್ಕೆ ನಡೆಯುತ್ತಿರುವ ಥ್ರೆಡ್‌ಗಳ ಪಟ್ಟಿ ಅದು. ಅದರಲ್ಲಿ ‘ಥ್ರೆಡ್-1, ಥ್ರೆಡ್-2, ಥ್ರೆಡ್-3’ ಅಂತ ನೂರೆಂಬತ್ತು ಸಾಲು ಇದ್ದರೆ ಅವರ ಅರ್ಧ ದಿನ ಹೋಯಿತು ಎಂದೇ ಲೆಕ್ಕ. ಸಾಲಿನಲ್ಲಿ ನಿಂತವರ ದಿನವೂ ಅಷ್ಟೇ. ಒಂದೊಂದು ಥ್ರೆಡ್‌ಗೂ ಒಂದು ಹೆಸರು ಕೊಡುವುದಕ್ಕೆ ಬೇಕಾಗುವುದು ಒಂದೇ ಸಾಲಿನ ಕೋಡ್. ಆ ಒಂದು ಸಾಲನ್ನು ಬರೆಯದೇ ಬಿಡುವವರೇ ಹೆಚ್ಚು.

ಥ್ರೆಡ್ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಚನ್ನಗಿರಿ ಕಡೆ ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವ ಮನೆಗೆ ಹೋಗಿ ನೋಡಿ. ಅಂಗಳ ಒಂದೇ, ಕಾಯಿಯ ರಾಶಿ ಒಂದೇ, ತೂಕದ ತಕ್ಕಡಿ ಒಂದೇ. ಸುಲಿಯುವವರು ಮಾತ್ರ ಹತ್ತಾರು ಜನ. ಒಬ್ಬೊಬ್ಬರೂ ತಮ್ಮ ಪಾಡಿಗೆ ಸುಲಿಯುತ್ತಾರೆ. ಆ ಅಂಗಳ ಕಂಪ್ಯೂಟರ್ ಭಾಷೆಯಲ್ಲಿ ಪ್ರೊಸೆಸ್, ಸುಲಿಯುವ ಒಬ್ಬೊಬ್ಬರೂ ಒಂದೊಂದು ಥ್ರೆಡ್. ಕನ್ನಡದಲ್ಲಿ ಎಳೆ ಅನ್ನಬಹುದು, ಒಳ್ಳೆಯ ಪದ. ಎಳೆಗಳೆಲ್ಲ ಒಂದೇ ನೆನಪಿನ ಜಾಗವನ್ನು ಹಂಚಿಕೊಳ್ಳುತ್ತವೆ. ಒಬ್ಬರು ತಕ್ಕಡಿ ಬಳಸುವಾಗ ಉಳಿದವರು ಕಾಯಬೇಕು, ಹಾಗೆ ಕಾಯಿಸುವ ವ್ಯವಸ್ಥೆಗೆ ಬೀಗ ಅಥವಾ ಲಾಕ್ ಅಂತ ಹೆಸರು. ಸಂಜೆ ಕೂಲಿ ಲೆಕ್ಕ ಹಾಕುವವರು ಪುಸ್ತಕದಲ್ಲಿ ‘ಒಬ್ಬ, ಇನ್ನೊಬ್ಬ, ಮತ್ತೊಬ್ಬ’ ಅಂತ ಬರೆದುಕೊಂಡರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಹೆಸರು ಬರೆಯುತ್ತಾರೆ. ಪ್ರೋಗ್ರಾಮ್ ಬರೆಯುವ ನಾವು ಮಾತ್ರ ಬರೆಯುವುದಿಲ್ಲ.

ಈಗ ಒಂದು ಪುಟ್ಟ ಪ್ರೋಗ್ರಾಮನ್ನು ಕಲ್ಪಿಸಿಕೊಳ್ಳೋಣ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲೂಕುಗಳ ದಿನದ ಮಳೆ ಲೆಕ್ಕವನ್ನು ಬೇರೆ ಬೇರೆ ಕಡೆಯಿಂದ ತಂದು ಒಂದೇ ಕಡತಕ್ಕೆ ಬರೆಯುವ ಪ್ರೋಗ್ರಾಮ್. ಒಂದಾದ ಮೇಲೆ ಒಂದು ತಂದರೆ ತಡವಾಗುತ್ತೆ ಅಂತ ತಾಲೂಕಿಗೊಂದು ಎಳೆ. ಇದು ಕಾಲೇಜು ಹುಡುಗರ ಪ್ರಾಜೆಕ್ಟ್ ಥರ ಕಾಣಬಹುದು, ಆದರೆ ವಿಷಯ ಆಟದ್ದಲ್ಲ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆದು ದೂರದಿಂದಲೇ ಅಂಕಿ ಕಳಿಸುವ ಯಂತ್ರಗಳ ಜಾಲವನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ನಡೆಸುತ್ತಿದೆ. ಅಡಿಕೆಯಂಥ ತೋಟದ ಬೆಳೆಗೆ ಹವಾಮಾನ ಆಧಾರಿತ ವಿಮೆ ಇದೆ. ಅಲ್ಲಿ ಪರಿಹಾರ ನಿರ್ಧಾರವಾಗುವುದು ತೋಟ ನೋಡಿ ಅಲ್ಲ, ಹವಾಮಾನದ ಅಂಕಿ ನೋಡಿ. ಜಗಳೂರಿನಂಥ ಬರದ ನಾಡಿನಲ್ಲಿ ‘ಮಳೆ 0 ಮಿ.ಮೀ.’ ಅನ್ನುವುದಕ್ಕೂ ‘ಅಂಕಿ ಬಂದೇ ಇಲ್ಲ’ ಅನ್ನುವುದಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ. ಖಾಲಿ ಬಿದ್ದ ಕಾಲಂಗೆ ಯಾರೋ ಸೊನ್ನೆ ತುಂಬಿದರೆ ಅದು ಸುಳ್ಳು ಬರ. ಹಿಂದಿನ ದಿನದ ಅಂಕಿ ತುಂಬಿದರೆ ಅದು ಸುಳ್ಳು ಮಳೆ.

ಒಂದು ಬೆಳಗ್ಗೆ ನಮ್ಮ ಪ್ರೋಗ್ರಾಮ್ ನಿಂತುಹೋಗಿದೆ ಅಂದುಕೊಳ್ಳಿ. ಚನ್ನಗಿರಿ, ನ್ಯಾಮತಿಯ ಅಂಕಿ ಬಂದಿದೆ. ಜಗಳೂರು ಖಾಲಿ, ಹೊನ್ನಾಳಿ ಅರ್ಧ. ಇದು ಜಾವಾದಲ್ಲಿ ಬರೆದದ್ದಾದರೆ ಜೆಸ್ಟ್ಯಾಕ್ ಎಂಬ ಸಾಧನ ಎಲ್ಲ ಎಳೆಗಳ ಚಿತ್ರವನ್ನು ಆ ಕ್ಷಣಕ್ಕೆ ಹಿಡಿದು ಕೊಡುತ್ತದೆ. ಅದಕ್ಕೆ ಥ್ರೆಡ್ ಡಂಪ್ ಅನ್ನುತ್ತಾರೆ. ಪ್ರತಿ ಎಳೆಯ ಹೆಸರು, ಸಂಖ್ಯೆ, ಸ್ಥಿತಿ, ಈಗ ಯಾವ ಫಂಕ್ಷನ್‌ನಲ್ಲಿದೆ, ಯಾವ ಬೀಗಕ್ಕೆ ಕಾಯುತ್ತಿದೆ, ಆ ಬೀಗ ಯಾರ ಕೈಯಲ್ಲಿದೆ, ಎಲ್ಲವೂ ಅದರಲ್ಲಿರುತ್ತೆ. ಹೆಸರು ಇಡದಿದ್ದರೆ ಅಲ್ಲಿ ಕಾಣುವುದು ಹೀಗೆ: ‘ಥ್ರೆಡ್-3 ಕಾಯುತ್ತಿದೆ, ಬೀಗ ಥ್ರೆಡ್-1ರ ಬಳಿ ಇದೆ’. ಹೆಸರಿಟ್ಟಿದ್ದರೆ: ‘ಮಳೆ-ಜಗಳೂರು ಕಾಯುತ್ತಿದೆ, ಬೀಗ ಮಳೆ-ಹೊನ್ನಾಳಿಯ ಬಳಿ ಇದೆ’. ಎರಡನೆಯದು ಯಾರು ಓದಿದರೂ ಅರ್ಥವಾಗುವ ವಾಕ್ಯ.

ಇಲ್ಲೊಂದು ಮೋಸವೂ ಇದೆ, ಹೊಸಬರು ಬೀಳುವ ಗುಂಡಿ. ಹೊನ್ನಾಳಿಯ ಎಳೆ ಕಡತದ ಬೀಗ ಹಿಡಿದುಕೊಂಡೇ ನೆಟ್‌ವರ್ಕ್‌ನ ಉತ್ತರಕ್ಕಾಗಿ ಕಾದು ಕೂತಿದೆ, ‘ಇಷ್ಟು ಹೊತ್ತಿಗಿಂತ ಹೆಚ್ಚು ಕಾಯಬೇಡ’ ಅಂತ ಯಾರೂ ಅದಕ್ಕೆ ಹೇಳಿಲ್ಲ. ಆದರೆ ಜಾವಾದ ಡಂಪ್‌ನಲ್ಲಿ ಹೀಗೆ ನೆಟ್‌ವರ್ಕ್‌ಗೆ ಕಾಯುವ ಸಾಮಾನ್ಯ ಎಳೆಯ ಸ್ಥಿತಿ ‘ರನ್ನಬಲ್’ ಎಂದೇ ತೋರುತ್ತದೆ, ಅಂದರೆ ಓಡುತ್ತಿದೆ ಅಂತ. ಬೀಗಕ್ಕೆ ಕಾಯುತ್ತಿರುವ ಜಗಳೂರಿನದು ‘ಬ್ಲಾಕ್ಡ್’. ಮೇಲ್ನೋಟಕ್ಕೆ ಜಗಳೂರು ತಪ್ಪಿತಸ್ಥ, ಹೊನ್ನಾಳಿ ಸಾಚಾ. ನಿಜ ಅದರ ಉಲ್ಟಾ. ಹೆಸರುಗಳಿದ್ದರೆ ಈ ಸರಪಳಿಯನ್ನು ಒಂದೆರಡು ನಿಮಿಷದಲ್ಲಿ ಹಿಡಿಯಬಹುದು. ಬರೀ ಸಂಖ್ಯೆಗಳಿದ್ದರೆ ಯಾವ ಸಂಖ್ಯೆ ಯಾವ ತಾಲೂಕು ಅಂತ ಕೋಡ್ ತೆಗೆದು ಊಹಿಸಬೇಕು. ಅಷ್ಟರಲ್ಲಿ ಯಾರೋ ‘ರೀಸ್ಟಾರ್ಟ್ ಮಾಡಿ ಸಾರ್’ ಅಂದಿರುತ್ತಾರೆ, ಮಾಡಿಯೂ ಆಗಿರುತ್ತೆ. ಅದರೊಂದಿಗೆ ಸಾಕ್ಷಿಯೂ ಹೋಯಿತು. ಮುಂದಿನ ವಾರ ಮತ್ತೆ ಅದೇ ಕಥೆ.

15 ಬೈಟ್‌ನಲ್ಲಿ ಒಂದು ಊರು

ಸರಿ, ಹೆಸರಿಡೋಣ ಅಂತ ಹೊರಟರೆ ಮೊದಲ ಅಡ್ಡಿ ಲಿನಕ್ಸ್‌ನದ್ದು. ಸರ್ವರ್‌ಗಳಲ್ಲಿ ಹೆಚ್ಚಿನವು ಓಡುವುದು ಅದರ ಮೇಲೇ. ಲಿನಕ್ಸ್ ಕರ್ನೆಲ್ ಪ್ರತಿ ಎಳೆಯ ಹೆಸರಿಗೆ ಇಟ್ಟಿರುವ ಜಾಗ 16 ಬೈಟ್. ಕೊನೆಯ ಒಂದು ಬೈಟ್ ‘ಇಲ್ಲಿಗೆ ಮುಗಿಯಿತು’ ಅನ್ನುವ ಗುರುತಿಗೆ. ನಮಗೆ ಉಳಿಯುವುದು 15.

ಇಂಗ್ಲಿಷ್ ಅಕ್ಷರಕ್ಕೆ ಒಂದೊಂದು ಬೈಟ್. ಹಾಗಾಗಿ ಚನ್ನಗಿರಿಗೆ 10, ನ್ಯಾಮತಿಗೆ 8, ಹೊನ್ನಾಳಿ ಮತ್ತು ಜಗಳೂರಿಗೆ ತಲಾ 7. ಎಲ್ಲವೂ ಆರಾಮಾಗಿ ಹಿಡಿಯುತ್ತವೆ. ಆದರೆ ಅಚ್ಚುಕಟ್ಟಾಗಿರಲಿ ಅಂತ ಎಲ್ಲದರ ಮುಂದೆ ಇಂಗ್ಲಿಷ್‌ನಲ್ಲಿ ‘ತಾಲೂಕ್’ ಅಂತ ಐದಕ್ಷರ, ಒಂದು ಅಡ್ಡಗೆರೆ ಸೇರಿಸಿ ನೋಡಿ. ಹೊನ್ನಾಳಿ 13, ಜಗಳೂರು 13, ನ್ಯಾಮತಿ 14, ಚನ್ನಗಿರಿ 16. ಮೂರು ತಾಲೂಕಿನ ಎಳೆಗೆ ಹೆಸರು ಬೀಳುತ್ತೆ, ಚನ್ನಗಿರಿಗೆ ಮಾತ್ರ ಬೀಳೋದಿಲ್ಲ! ಸಿ ಭಾಷೆಯಲ್ಲಿ ಇದಕ್ಕಿರುವ ಪಿಥ್ರೆಡ್-ಸೆಟ್‌ನೇಮ್-ಎನ್‌ಪಿ ಎಂಬ ಕರೆ, ಹೆಸರು ಉದ್ದವಾದರೆ ದೋಷದ ಸಂಖ್ಯೆಯೊಂದನ್ನು ಹಿಂತಿರುಗಿಸಿ ಸುಮ್ಮನಾಗುತ್ತದೆ. ಆ ಸಂಖ್ಯೆಯನ್ನು ಪರೀಕ್ಷಿಸುವವರು ವಿರಳ. ಅದಕ್ಕಿಂತ ಹಳೆಯ ದಾರಿಯಾದ ಪಿಆರ್‌ಸಿಟಿಎಲ್ ಮೂಲಕ ಹೋದರೆ ದೋಷವೂ ಇಲ್ಲ, ಹೆಚ್ಚಾದದ್ದನ್ನು ಕತ್ತರಿಸಿ ಹಾಕಿಬಿಡುತ್ತದೆ.

ಕತ್ತರಿಯ ಅಪಾಯ ಇನ್ನೂ ಚೆಂದ. ಜಿಲ್ಲೆಯ ಹೆಸರೂ ಇರಲಿ ಅಂತ ಇಂಗ್ಲಿಷ್‌ನಲ್ಲಿ ‘ದಾವಣಗೆರೆ-ತಾಲೂಕ್-ಹೊನ್ನಾಳಿ’ ಅಂತ ಬರೆದಿರಿ ಅನ್ನಿ. ದಾವಣಗೆರೆಯನ್ನು ಹಳೆಯ ರೂಢಿಯ ಒಂಬತ್ತು ಅಕ್ಷರದ ಕಾಗುಣಿತದಲ್ಲಿ ಬರೆದರೆ, ಅಡ್ಡಗೆರೆ ಸೇರಿ 10, ತಾಲೂಕ್ ಸೇರಿ 15. ಸರಿಯಾಗಿ ಅಲ್ಲಿಗೆ ಕತ್ತರಿ ಬೀಳುತ್ತೆ. ನಾಲ್ಕೂ ಎಳೆಗಳ ಹೆಸರು ‘ದಾವಣಗೆರೆ-ತಾಲೂಕ್’. ಹೆಸರಿಟ್ಟೂ ಇಡದ ಹಾಗೆ. ಅಂಚೆ ವಿಳಾಸದಲ್ಲಿ ಮೊದಲು ಮನೆ, ಆಮೇಲೆ ಬೀದಿ, ಕೊನೆಗೆ ಜಿಲ್ಲೆ ಬರೆಯುತ್ತೇವಲ್ಲ, ಎಳೆಗೂ ಹಾಗೇ ಬರೆಯಬೇಕು. ಬೇರೆಯಾಗಿ ಗುರುತಿಸುವ ಭಾಗ ಮೊದಲು ಬರಲಿ. ಈಚಿನ ಜಾವಾ ಆವೃತ್ತಿಗಳು ಇದಕ್ಕೊಂದು ಜಾಣತನ ಕಂಡುಕೊಂಡಿವೆ. ಲಿನಕ್ಸ್‌ಗೆ ಹೆಸರು ಕೊಡುವಾಗ ಬಾಲ ಕತ್ತರಿಸುವ ಬದಲು ಹೊಟ್ಟೆ ಕತ್ತರಿಸುತ್ತವೆ. ಮೊದಲ 7 ಅಕ್ಷರ, ನಡುವೆ ಎರಡು ಚುಕ್ಕಿ, ಕೊನೆಯ 6 ಅಕ್ಷರ. ಸಾಮಾನ್ಯವಾಗಿ ಹೆಸರಿನ ತುದಿಯಲ್ಲೇ ಗುರುತಿನ ಸಂಖ್ಯೆ ಇರುತ್ತೆ ಅನ್ನೋದು ಅದರ ಹಿಂದಿನ ತರ್ಕ.

ಹೆಸರನ್ನು ಕನ್ನಡದಲ್ಲೇ ಇಡಬಾರದಾ? ಇಡಬಹುದು, ಯಾರ ತಡೆಯೂ ಇಲ್ಲ. ಕರ್ನೆಲ್‌ಗೆ ಅಕ್ಷರ ಯಾವುದಾದರೂ ಒಂದೇ, ಅದು ನೋಡುವುದು ಬೈಟ್‌ಗಳನ್ನು. ಆದರೆ ಯುಟಿಎಫ್-8 ಬರವಣಿಗೆಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಸಂಕೇತ ಅಂದರೆ ನಾವು ಕಣ್ಣಲ್ಲಿ ಎಣಿಸುವ ಅಕ್ಷರವಲ್ಲ. ಮೂಲಾಕ್ಷರ ಒಂದು, ಗುಣಿತದ ಚಿಹ್ನೆ ಇನ್ನೊಂದು, ಒತ್ತು ಮಾಡುವ ಹಲಂತ ಮತ್ತೊಂದು. ‘ಚನ್ನಗಿರಿ’ಯಲ್ಲಿ ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ, ಒಳಗಿರುವುದು ಎಂಟು ಸಂಕೇತ, ಅಂದರೆ 24 ಬೈಟ್. ‘ಹೊನ್ನಾಳಿ’ಯೂ 24. ‘ನ್ಯಾಮತಿ’ 21. ಎಲ್ಲಕ್ಕಿಂತ ಸರಳವಾದ ‘ಜಗಳೂರು’ 18. ನಾಲ್ಕರಲ್ಲಿ ಒಂದೂ 15ರೊಳಗೆ ಹಿಡಿಯೋದಿಲ್ಲ. ಕತ್ತರಿಸಿದರೆ ಉಳಿಯುವುದು ‘ಚನ್ನಗ’, ‘ಹೊನ್ನ’, ‘ನ್ಯಾಮ’, ‘ಜಗಳೂರ’. ಗುರುತು ಸಿಗುತ್ತೆ ಅನ್ನಿ, ಹಳ್ಳಿಯಲ್ಲಿ ಕೂಗುವ ಅಡ್ಡಹೆಸರುಗಳ ಹಾಗೆ. 15 ಅನ್ನುವುದು 3ರ ಗುಣಕವಾದ್ದರಿಂದ ನಮ್ಮ ಪುಣ್ಯಕ್ಕೆ ಕತ್ತರಿ ಸಂಕೇತಗಳ ನಡುವೆಯೇ ಬೀಳುತ್ತೆ. ಮುಂದೆ ‘1-’ ಅಂತ ಸೇರಿಸಿದಿರೋ, ಉಳಿಯುವ 13 ಬೈಟ್‌ನಲ್ಲಿ ನಾಲ್ಕು ಸಂಕೇತ ಹೋಗಿ ಒಂದು ಬೈಟ್ ಅನಾಥವಾಗಿ ನೇತಾಡುತ್ತೆ. ಪರದೆಯ ಮೇಲೆ ‘1-ಚನ್ನ’ ಆದಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ.

ಇನ್ನೊಂದು ಸೂಕ್ಷ್ಮವಿದೆ. ‘ಹೊ’ ಬರೆಯುವಾಗ ಬರುವ ‘ಒ’ಕಾರದ ಗುಣಿತವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ‘ಎ’ಕಾರ ಮತ್ತು ‘ಊ’ಕಾರದ ಎರಡು ಚಿಹ್ನೆಗಳ ಜೋಡಿಯಾಗಿಯೂ ಇಡಬಹುದು. ಪರದೆಯಲ್ಲಿ ಎರಡೂ ಒಂದೇ. ಆದರೆ ಲಾಗ್‌ನಲ್ಲಿ ‘ಹೊನ್ನಾಳಿ’ ಅಂತ ಹುಡುಕಿದರೆ ಒಂದು ಸಿಗುತ್ತೆ, ಇನ್ನೊಂದು ಸಿಗೋದಿಲ್ಲ.

ಇದರಲ್ಲಿ ಕನ್ನಡದ ವಿರುದ್ಧ ಸಂಚೇನೂ ಇಲ್ಲ. 16 ಬೈಟ್‌ನ ಆ ಜಾಗ ಹಳೇ ಕಾಲದ ಮಿತಿ. ಅದನ್ನು ಹಿಗ್ಗಿಸುವ ಪ್ರಸ್ತಾಪಗಳು ಬಂದಿವೆ, ಆದರೆ ಅದು 16 ಅಂತಲೇ ನಂಬಿಕೊಂಡು ಬರೆದ ಸಾಫ್ಟ್‌ವೇರ್ ಲೋಕದ ತುಂಬ ಇದೆ. ಆದರೂ ಹೇಳಲೇಬೇಕಾದ ಮಾತು ಇದು. ಇಂಗ್ಲಿಷ್‌ಗೆ 15 ಅಕ್ಷರ ಸಿಗುವಲ್ಲಿ ನಮಗೆ ಸಿಗುವುದು ಐದು ಸಂಕೇತ. ವಿಂಡೋಸ್‌ನಲ್ಲಿ ಈ ಕಷ್ಟವಿಲ್ಲ. ವಿಂಡೋಸ್ 10ರ 1607 ಆವೃತ್ತಿಯಿಂದ ಬಂದ ಸೆಟ್-ಥ್ರೆಡ್-ಡಿಸ್ಕ್ರಿಪ್ಷನ್ ಎಂಬ ಕರೆ ಯುನಿಕೋಡ್ ಪಠ್ಯವನ್ನೇ ತೆಗೆದುಕೊಳ್ಳುತ್ತದೆ, ಚನ್ನಗಿರಿಯನ್ನು ಪೂರ್ತಿ ಕನ್ನಡದಲ್ಲೇ ಬರೆಯಬಹುದು. ಅದಕ್ಕೂ ಮೊದಲು ವಿಂಡೋಸ್‌ನಲ್ಲಿ ಹೆಸರಿಡಲು, ಬೇಕಂತಲೇ ಒಂದು ಎಕ್ಸೆಪ್ಷನ್ ಎಬ್ಬಿಸಿ, ಡೀಬಗ್ಗರ್ ಅದನ್ನು ಹಿಡಿದುಕೊಳ್ಳಲಿ ಅಂತ ಕಾಯುವ ಪದ್ಧತಿಯಿತ್ತು. ಮಗುವಿಗೆ ಹೆಸರಿಡಲು ಬೆಂಕಿ ಬಿತ್ತು ಅಂತ ಕೂಗಿ ಊರವರನ್ನು ಸೇರಿಸಿದ ಹಾಗೆ.

ಲಿನಕ್ಸ್‌ಗೆ ನನ್ನ ಸಲಹೆ: ಚಿಕ್ಕದಾಗಿ ಇಂಗ್ಲಿಷ್ ಅಕ್ಷರದಲ್ಲೇ ಇಡಿ. ಪೂರ್ತಿ ಕನ್ನಡ ಹೆಸರನ್ನು ಲಾಗ್‌ನಲ್ಲಿ ಬರೆಯಿರಿ, ಅಲ್ಲಿ ಈ ಮಿತಿ ಇಲ್ಲ.

ಹೆಸರು ಬೇರೆ, ಸಂಖ್ಯೆ ಬೇರೆ

ಪ್ರತಿ ಎಳೆಗೂ ವ್ಯವಸ್ಥೆ ತಾನಾಗಿಯೇ ಒಂದು ಸಂಖ್ಯೆ ಕೊಡುತ್ತದೆ. ಹಾಗಾದರೆ ಹೆಸರೇಕೆ? ಸರ್ವೆ ನಂಬರ್ ಗೊತ್ತಿದ್ದವರಿಗೆ ಇದು ಸುಲಭವಾಗಿ ಅರ್ಥವಾಗುತ್ತೆ. ‘ಸರ್ವೆ ನಂಬರ್ 45’ ಅಂದರೆ ಯಾವ ಊರಿನ 45? ಹಿಸ್ಸಾ ಎಷ್ಟು? ಎಳೆಗೂ ಹೀಗೇ ಎರಡು ಮೂರು ಸಂಖ್ಯೆಗಳಿರುತ್ತವೆ. ಜಾವಾ ತನ್ನ ಲೆಕ್ಕಕ್ಕೆ ಕೊಟ್ಟದ್ದು ಒಂದು, ಲಿನಕ್ಸ್ ಕೊಟ್ಟದ್ದು ಇನ್ನೊಂದು. ಲಿನಕ್ಸ್‌ನ ಟಾಪ್ ಆದೇಶವನ್ನು ದೊಡ್ಡ ಎಚ್ ಸೇರಿಸಿ ಓಡಿಸಿದರೆ ಯಾವ ಎಳೆ ಎಷ್ಟು ಪ್ರೊಸೆಸರ್ ತಿನ್ನುತ್ತಿದೆ ಅಂತ ಕಾಣುತ್ತೆ. ಅಲ್ಲಿ 4500 ಅಂತ ಕಂಡ ಎಳೆಯನ್ನು ಹಳೆಯ ಜಾವಾದ ಡಂಪ್‌ನಲ್ಲಿ ಹುಡುಕಿದರೆ ಸಿಗೋದಿಲ್ಲ, ಯಾಕಂದ್ರೆ ಅಲ್ಲಿ ಅದು ಹದಿನಾರರ ಎಣಿಕೆಯಲ್ಲಿ 1194 ಅಂತ ಕೂತಿರುತ್ತೆ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ಈ ಗುಣಾಕಾರ ಮಾಡುತ್ತಾ ಕೂರುವ ಖುಷಿ ಅನುಭವಿಸಿದವರಿಗೇ ಗೊತ್ತು. ಎರಡೂ ಕಡೆ ಒಂದೇ ಹೆಸರಿದ್ದರೆ ಲೆಕ್ಕವೇ ಬೇಡ.

ಆದರೆ ಹೆಸರನ್ನೇ ನಂಬಿ ಸಂಖ್ಯೆ ಬಿಡುವುದೂ ತಪ್ಪು. ಒಂದೇ ಹೆಸರನ್ನು ಎರಡು ಎಳೆಗೆ ಕೊಟ್ಟರೆ ಯಾವ ವ್ಯವಸ್ಥೆಯೂ ಬೇಡ ಅನ್ನುವುದಿಲ್ಲ. ಒಂದೇ ಹೆಸರಿನ ಊರುಗಳು ನಮ್ಮಲ್ಲಿ ತಾಲೂಕಿಗೊಂದು ಇರುವ ಹಾಗೆ. ಅದಕ್ಕೇ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಡೈರೆಕ್ಟರಿಯಲ್ಲಿ ಪ್ರತಿ ಗ್ರಾಮಕ್ಕೂ ಒಂದು ಕೋಡ್ ಇದೆ. ಹೆಸರು ಜನರಿಗೆ, ಕೋಡ್ ಯಂತ್ರಕ್ಕೆ. ಇನ್ನು ಎಳೆಯ ಸಂಖ್ಯೆ ಶಾಶ್ವತವೂ ಅಲ್ಲ. ಎಳೆ ಸತ್ತ ಮೇಲೆ ಅದರ ಸಂಖ್ಯೆಯನ್ನು ಲಿನಕ್ಸ್ ಮುಂದೆ ಯಾವತ್ತೋ ಬೇರೆಯವರಿಗೆ ಕೊಡುತ್ತೆ. ನಿನ್ನೆಯ ಲಾಗ್‌ನ 4500 ಇವತ್ತಿನ 4500 ಆಗಿರಬೇಕಿಲ್ಲ. ಲಾಗ್‌ನ ಪ್ರತಿ ಸಾಲಿನಲ್ಲಿ ಸಮಯ, ಹೆಸರು, ಸಂಖ್ಯೆ ಮೂರೂ ಇರಲಿ.

ಹೆಸರಿನ ವಂಶಾವಳಿಯೂ ವಿಚಿತ್ರ. ಲಿನಕ್ಸ್‌ನಲ್ಲಿ ಹೊಸ ಎಳೆ ಹುಟ್ಟಿದಾಗ ತನ್ನನ್ನು ಹುಟ್ಟಿಸಿದ ಎಳೆಯ ಹೆಸರನ್ನೇ ಹೊತ್ತು ಬರುತ್ತದೆ. ಬೇರೆ ಹೆಸರು ಕೊಡುವವರೆಗೂ ಅದೇ. 2018ರ ಸುಮಾರಿಗೆ ಹೊಸ ತಾಲೂಕುಗಳು ಅಸ್ತಿತ್ವಕ್ಕೆ ಬರುವ ತನಕ ನ್ಯಾಮತಿಯ ಕಾಗದಪತ್ರವೆಲ್ಲ ಹೊನ್ನಾಳಿ ತಾಲೂಕು ಎಂದೇ ಇತ್ತಲ್ಲ, ಹಾಗೆ. ಹೊನ್ನಾಳಿಯ ಎಳೆ ತನ್ನ ಸಹಾಯಕ್ಕೆ ಇನ್ನೆರಡು ಎಳೆ ಹುಟ್ಟಿಸಿದರೆ ಪಟ್ಟಿಯಲ್ಲಿ ಮೂರು ಹೊನ್ನಾಳಿ. ಮುಖ್ಯ ಎಳೆಯ ಹೆಸರು ಬದಲಿಸುವಾಗಲಂತೂ ಎಚ್ಚರ ಬೇಕು. ಲಿನಕ್ಸ್‌ನಲ್ಲಿ ಅದರ ಸಂಖ್ಯೆಯೂ ಪ್ರೊಸೆಸ್‌ನ ಸಂಖ್ಯೆಯೂ ಒಂದೇ, ಅದರ ಹೆಸರೇ ಇಡೀ ಪ್ರೊಸೆಸ್‌ನ ಹೆಸರಾಗಿ ಪಟ್ಟಿಯಲ್ಲಿ ಕಾಣುತ್ತೆ. ಪ್ರೋಗ್ರಾಮನ್ನು ಹೆಸರು ಹಿಡಿದು ಹುಡುಕುವ ಸ್ಕ್ರಿಪ್ಟ್‌ಗಳು ಆಗ ಕೈಕೊಡುತ್ತವೆ.

ಪೈಥಾನ್ ಬಳಸುವವರಿಗೆ ಒಂದು ಮಾತು. ಅಲ್ಲಿ ಎಳೆಗೆ ಹೆಸರು ಕೊಡುವುದು ಬಹಳ ಕಾಲದಿಂದ ಇದೆ, ಕೊಡದಿದ್ದರೆ ‘ಥ್ರೆಡ್-1’ ಅನ್ನುತ್ತೆ, 3.10ರಿಂದ ಜೊತೆಗೆ ಫಂಕ್ಷನ್‌ನ ಹೆಸರನ್ನೂ ಸೇರಿಸುತ್ತೆ. ಆದರೆ ಆ ಹೆಸರು ಪೈಥಾನ್‌ನ ಮನೆಯೊಳಗೇ ಇರುತ್ತಿತ್ತು, ಲಿನಕ್ಸ್‌ಗೆ ತಲುಪುತ್ತಿರಲಿಲ್ಲ. ಟಾಪ್‌ನಲ್ಲಿ ನೋಡಿದರೆ ಎಲ್ಲ ಎಳೆಯೂ ‘ಪೈಥಾನ್’. 3.14ರಿಂದ ಅದು ಹೆಸರನ್ನು ವ್ಯವಸ್ಥೆಗೂ ದಾಟಿಸುತ್ತಿದೆ.

ಹಳೇ ಹೆಸರು ಹೊತ್ತ ಕೆಲಸಗಾರ

ಇಲ್ಲಿಯವರೆಗೆ ತಾಲೂಕಿಗೊಂದು ಎಳೆ ಅಂತ ಸರಳ ಮಾಡಿಕೊಂಡೆವು. ನಿಜವಾದ ಸರ್ವರ್‌ಗಳಲ್ಲಿ ಹಾಗಿರುವುದಿಲ್ಲ. ಎಳೆಯನ್ನು ಹುಟ್ಟಿಸುವುದು, ಸಾಯಿಸುವುದು ದುಬಾರಿ ಅಂತ ಒಂದಷ್ಟು ಎಳೆಗಳನ್ನು ಮೊದಲೇ ಹುಟ್ಟಿಸಿ, ಬಂದ ಕೆಲಸವನ್ನು ಖಾಲಿ ಇರುವವರಿಗೆ ಹಂಚುತ್ತಾರೆ. ಇದು ಥ್ರೆಡ್ ಪೂಲ್. ಜಾವಾದಲ್ಲಿ ಅವುಗಳ ಹೆಸರು ತಾನಾಗಿ ‘ಪೂಲ್-1-ಥ್ರೆಡ್-3’ ಅಂತ ಬರುತ್ತೆ. ಅಲ್ಲಿ ಎಳೆಗೆ ಊರಿಲ್ಲ. ಈಗ ಹೊನ್ನಾಳಿಯ ಕೆಲಸ, ಮುಂದಿನ ಕ್ಷಣ ಜಗಳೂರಿನದು.

ಕೆಲವರು ಕೆಲಸ ಶುರುವಾದಾಗ ಎಳೆಗೆ ‘ಹೊನ್ನಾಳಿ’ ಅಂತ ಹೆಸರಿಟ್ಟು, ಮುಗಿದಾಗ ಹಳೆಯ ಹೆಸರಿಗೆ ತಿರುಗಿಸುತ್ತಾರೆ. ತಿರುಗಿಸುವ ಸಾಲನ್ನು, ಏನೇ ದೋಷ ಬಂದರೂ ಓಡುವಂಥ ಜಾಗದಲ್ಲಿ, ಅಂದರೆ ಫೈನಲಿ ಎಂಬ ಭಾಗದಲ್ಲಿ ಇಡಬೇಕು. ಇಡದೆ ನಡುವೆ ದೋಷ ಬಂದರೆ ಎಳೆ ‘ಹೊನ್ನಾಳಿ’ ಅನ್ನೋ ಹೆಸರಲ್ಲೇ ಜಗಳೂರಿನ ಕೆಲಸ ಮಾಡುತ್ತಿರುತ್ತೆ. ಹೆಸರಿಲ್ಲದ ಎಳೆ ಹುಡುಕುವವರನ್ನು ನಿಧಾನ ಮಾಡುತ್ತೆ, ತಪ್ಪು ಹೆಸರಿನ ಎಳೆ ತಪ್ಪು ಊರಿಗೇ ಕರೆದೊಯ್ಯುತ್ತೆ. ಎರಡನೆಯದು ಹೆಚ್ಚು ಅಪಾಯ. ಕೆಲಸಕ್ಕಿಂತ ಸಂದರ್ಭದ ಮೇಲೆ ಇಟ್ಟ ಹೆಸರುಗಳ ಕಥೆಯೂ ಇದೇ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ಅದಕ್ಕೂ ಮುಂಚೆ ಯಾರಾದರೂ ‘ಶಿವಮೊಗ್ಗ-2’ ಅಂತ ಹೆಸರಿಟ್ಟಿದ್ದರೆ ಅದು ಚನ್ನಗಿರಿಯೋ ಹೊನ್ನಾಳಿಯೋ ಅಂತ ಈಗ ಹೇಳುವವರು ಯಾರು?

ಪೂಲ್ ಇದ್ದಾಗ ನನಗೆ ಸರಿ ಅನ್ನಿಸುವ ದಾರಿ ಹೀಗೆ. ಎಳೆಗೆ ಅದರ ಪಾತ್ರದ ಹೆಸರು ಕೊಡಿ: ಮಳೆ ತರುವವು ‘ಮಳೆ-1’, ‘ಮಳೆ-2’, ಕಡತ ಬರೆಯುವುದು ‘ಬರಹ’. ತಾಲೂಕಿನ ಹೆಸರನ್ನು ಕೆಲಸಕ್ಕೆ ಅಂಟಿಸಿ, ಲಾಗ್‌ನ ಪ್ರತಿ ಸಾಲಿನಲ್ಲೂ ಅದು ತಾನಾಗಿ ಬರುವಂತೆ ಮಾಡಿ. ಜಾವಾದ ಲಾಗಿಂಗ್ ಸಾಧನಗಳಲ್ಲಿ ಎಂಡಿಸಿ ಎಂಬುದು ಇರುವುದೇ ಇದಕ್ಕೆ. ಕೆಲಸ ಮುಗಿದಾಗ ಅದನ್ನೂ ಅಳಿಸಬೇಕು, ಮರೆತರೆ ಮತ್ತದೇ ಗೋಳು.

ಗೋ ಭಾಷೆಯವರು ಇನ್ನೂ ಮುಂದೆ ಹೋಗಿದ್ದಾರೆ. ಅಲ್ಲಿನ ಗೋರುಟೀನ್‌ಗಳಿಗೆ ಹೆಸರೇ ಇಲ್ಲ, ಅವುಗಳ ಸಂಖ್ಯೆಯನ್ನೂ ಪ್ರೋಗ್ರಾಮರ್ ಕೈಗೆ ಬೇಕಂತಲೇ ಕೊಟ್ಟಿಲ್ಲ. ಕೊಟ್ಟರೆ ಜನ ಎಳೆಗೇ ಅಂಟಿಕೊಂಡು ಕೋಡ್ ಬರೆಯುತ್ತಾರೆ ಅನ್ನುವುದು ಅವರ ವಾದ. ಬದಲಿಗೆ ಕೆಲಸಕ್ಕೆ ಚೀಟಿ ಅಂಟಿಸಿ ಅಂತ ಲೇಬಲ್‌ಗಳನ್ನು ಕೊಟ್ಟಿದ್ದಾರೆ. 2023ರಲ್ಲಿ ಬಂದ ಜಾವಾ 21ರ ವರ್ಚುವಲ್ ಥ್ರೆಡ್‌ಗಳದೂ ಹೆಚ್ಚುಕಡಿಮೆ ಅದೇ ದಾರಿ. ಅವನ್ನು ಲಕ್ಷಗಟ್ಟಲೆ ಹುಟ್ಟಿಸಬಹುದು, ಒಂದೊಂದು ಕೆಲಸಕ್ಕೂ ಒಂದೊಂದು, ಮುಗಿದ ಕೂಡಲೇ ಮಾಯ. ನೀವಾಗಿ ಇಡದಿದ್ದರೆ ಅವುಗಳ ಹೆಸರು ‘ಥ್ರೆಡ್-7’ ಕೂಡ ಅಲ್ಲ, ಬರೀ ಖಾಲಿ. ಹಳೆಯ ಲಾಗ್ ವಿನ್ಯಾಸವನ್ನೇ ಇಟ್ಟುಕೊಂಡು ಇವಕ್ಕೆ ಬದಲಾದವರ ಕಡತದಲ್ಲಿ, ಎಳೆಯ ಹೆಸರು ಇರಬೇಕಾದ ಎರಡು ಆವರಣಗಳ ನಡುವೆ ಏನೂ ಇರುವುದಿಲ್ಲ. ನಮ್ಮ ನಾಲ್ಕು ತಾಲೂಕಿನ ಪ್ರೋಗ್ರಾಮನ್ನು ಹಾಗೆ ಬದಲಿಸುವುದಾದರೆ, ಎಳೆಗಳನ್ನು ಹುಟ್ಟಿಸುವ ಸಾಲಿನಲ್ಲೇ ಹೆಸರಿನ ಮುನ್ನೊತ್ತು ಕೊಡುವ ಸೌಲಭ್ಯ ಜಾವಾದಲ್ಲಿದೆ. ‘ಮಳೆ-’ ಅಂತ ಕೊಟ್ಟರೆ ಉಳಿದ ಎಣಿಕೆಯನ್ನು ಅದೇ ಹಾಕಿಕೊಳ್ಳುತ್ತೆ. ಜಗಳೂರು ಯಾವುದು, ಹೊನ್ನಾಳಿ ಯಾವುದು ಅನ್ನುವುದನ್ನು ಮಾತ್ರ ನೀವೇ ಬರೆಯಬೇಕು.